ಅನಾಬಾಲಿಕ್ ಸ್ಟೀರಾಯ್ಡ್ ನಿಲ್ಲಿಸಿದ ಮೇಲೂ ಬಿಡದ ಮೊಡವೆ: ಸ್ಪೈರೊನೊಲ್ಯಾಕ್ಟೋನ್ ಮತ್ತು ಅದರ ಜೊತೆಗಿನ ಔಷಧಗಳ ವಿಮರ್ಶೆ

ಸ್ನಾಯು ಬೆಳೆಸಲೆಂದು ಬಳಸುವ ಅನಾಬಾಲಿಕ್ ಸ್ಟೀರಾಯ್ಡ್ ಬಿಟ್ಟು ತಿಂಗಳುಗಳು ಕಳೆದರೂ ದವಡೆ, ಎದೆ, ಹೆಗಲು ಮತ್ತು ಬೆನ್ನಿನ ಮೇಲೆ ಮೊಡವೆ ಏಳುತ್ತಲೇ ಇರುವ ಮಹಿಳೆಯರಿಗಾಗಿ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ನಾನು ಭಾರ ಎತ್ತುವ ಅಭ್ಯಾಸ ಇಟ್ಟುಕೊಂಡವಳು. ಆಕ್ಸಾಂಡ್ರೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ತೆಗೆದುಕೊಂಡಿದ್ದೆ, ನಿಲ್ಲಿಸಿದೆ, ಆನಂತರ ಚರ್ಮತಜ್ಞೆಯೊಬ್ಬರ ನಿಗಾದಲ್ಲಿ ಇಲ್ಲಿ ಹೇಳಲಿರುವ ಔಷಧಗಳಲ್ಲಿ ಕೆಲವನ್ನು ಬಳಸಿದೆ. ಉಳಿದವನ್ನು ನನ್ನೊಂದಿಗೆ ಅಭ್ಯಾಸ ಮಾಡುವ ಗೆಳತಿಯರು ಬಳಸಿದ್ದನ್ನು ಹತ್ತಿರದಿಂದ ನೋಡಿದ್ದೇನೆ. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಈ ಬಗೆಯ ಮೊಡವೆಗೆ ಮುಖ ತೊಳೆಯುವ ಸಾಬೂನು, ಲೇಪ, ಸಿಪ್ಪೆ ಸುಲಿಯುವ ಚಿಕಿತ್ಸೆ ಇವುಗಳನ್ನಷ್ಟೇ ನಂಬಿ ಕೂರುವುದರಿಂದ ಹಣ ಮತ್ತು ಕಾಲ ಎರಡೂ ಹೋಗುತ್ತವೆ. ಆಂಡ್ರೋಜನ್ ಎಂಬ ಪುರುಷ ಹಾರ್ಮೋನಿನ ಪ್ರಭಾವವನ್ನೇ ತಡೆಯುವ ಔಷಧ ಬೇಕಾಗುತ್ತದೆ, ಮತ್ತು ಹೆಚ್ಚಿನ ಮಹಿಳೆಯರ ಮಟ್ಟಿಗೆ ಆ ಔಷಧ ಸ್ಪೈರೊನೊಲ್ಯಾಕ್ಟೋನ್ ಆಗಿರುತ್ತದೆ. ಗಂಟುಗಟ್ಟಿ ಕುಳಿ ಬೀಳಿಸುವಷ್ಟು ತೀವ್ರವಾದ ಮೊಡವೆಗೆ ಮಾತ್ರ ಐಸೊಟ್ರೆಟಿನಾಯಿನ್ ಅದಕ್ಕಿಂತ ಮುಂದೆ ನಿಲ್ಲುತ್ತದೆ.

ಹೀಗೆ ಹೇಳಲು ಕಾರಣ ಈ ಮೊಡವೆ ಹುಟ್ಟುವ ರೀತಿಯಲ್ಲೇ ಇದೆ. ಚರ್ಮದ ಮೇದೋಗ್ರಂಥಿಗಳ ಜೀವಕೋಶಗಳಲ್ಲಿ ಆಂಡ್ರೋಜನ್ ಗ್ರಾಹಕಗಳಿರುತ್ತವೆ. ಟೆಸ್ಟೊಸ್ಟೆರೋನ್ ಆಗಲಿ, ಅದರಿಂದ ರೂಪಿಸಿದ ಕೃತಕ ಸ್ಟೀರಾಯ್ಡ್ ಆಗಲಿ ಅಲ್ಲಿಗೆ ಹೋಗಿ ಅಂಟಿಕೊಂಡಾಗ ಗ್ರಂಥಿ ಹಿಗ್ಗುತ್ತದೆ ಮತ್ತು ಜಿಡ್ಡನ್ನು ಹೆಚ್ಚು ಸುರಿಸುತ್ತದೆ. ಅದೇ ಹೊತ್ತಿಗೆ ರೋಮಕೂಪದ ಒಳಪದರದ ಕೋಶಗಳು ಸರಿಯಾಗಿ ಉದುರದೆ ಬಾಯಿಯನ್ನು ಮುಚ್ಚುತ್ತವೆ. ಒಳಗೆ ಸಿಕ್ಕಿಕೊಂಡ ಜಿಡ್ಡಿನಲ್ಲಿ ಕ್ಯೂಟಿಬ್ಯಾಕ್ಟೀರಿಯಮ್ ಆಕ್ನೆಸ್ ಎಂಬ ಸೂಕ್ಷ್ಮಾಣು ಬೆಳೆಯುತ್ತದೆ, ಉರಿಯೂತ ಏಳುತ್ತದೆ. ಮಹಿಳೆಯ ದೇಹದಲ್ಲಿ ಟೆಸ್ಟೊಸ್ಟೆರೋನ್ ಪುರುಷರಲ್ಲಿರುವುದಕ್ಕಿಂತ ಹಲವು ಪಟ್ಟು ಕಡಿಮೆ ಇರುವುದರಿಂದ ಸಣ್ಣ ಪ್ರಮಾಣದ ಔಷಧವೂ ಅವಳ ಚರ್ಮಕ್ಕೆ ದೊಡ್ಡ ಏರಿಕೆಯಾಗುತ್ತದೆ. ಇದರ ಜೊತೆಗೆ ಬಾಯಿಯ ಮೂಲಕ ಸೇವಿಸುವ ಸ್ಟೀರಾಯ್ಡ್‌ಗಳು ಯಕೃತ್ತು ತಯಾರಿಸುವ ಎಸ್‌ಎಚ್‌ಬಿಜಿ ಎಂಬ ಪ್ರೋಟೀನನ್ನು ತೀರ ಕೆಳಗಿಳಿಸುತ್ತವೆ. ರಕ್ತದಲ್ಲಿರುವ ಟೆಸ್ಟೊಸ್ಟೆರೋನನ್ನು ಹಿಡಿದಿಟ್ಟುಕೊಳ್ಳುವುದು ಈ ಪ್ರೋಟೀನ್. ಅದು ಕಡಿಮೆಯಾದರೆ ದೇಹದ್ದೇ ಆದ ಹಾರ್ಮೋನಿನ ಹೆಚ್ಚು ಭಾಗ ಬಿಡಿಯಾಗಿ ಉಳಿದು ಗ್ರಂಥಿಗಳನ್ನು ಮುಟ್ಟುತ್ತದೆ.

‘ಮಹಿಳೆಯರಿಗೆ ಹಗುರ’ ಎಂಬ ಹೆಸರಿನಲ್ಲಿ ಆಕ್ಸಾಂಡ್ರೊಲೋನ್ ಜಿಮ್‌ಗಳಲ್ಲಿ ಕೈಯಿಂದ ಕೈಗೆ ಹೋಗುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಔಷಧದ ಅನುಮತಿಯನ್ನು 2023ರಲ್ಲಿ ಹಿಂಪಡೆದಿದೆ. ಕಳ್ಳಮಾರುಕಟ್ಟೆಯ ಮಾತ್ರೆಗಳಲ್ಲಂತೂ ಚೀಟಿಯ ಮೇಲೆ ಬರೆದ ಔಷಧವೇ ಒಳಗಿದೆ ಎನ್ನುವ ಖಾತ್ರಿಯಿಲ್ಲ. ದುಬಾರಿ ಆಕ್ಸಾಂಡ್ರೊಲೋನ್ ಬದಲು ಅಗ್ಗದ, ಪುರುಷ ಲಕ್ಷಣಗಳನ್ನು ಇನ್ನೂ ಬೇಗ ತರುವ ಸ್ಟೀರಾಯ್ಡ್ ಸೇರಿಸಿ ಮಾರುವುದು ಇದೆ. ಆದ್ದರಿಂದ ‘ನಾನು ತೆಗೆದುಕೊಂಡದ್ದು ಹಗುರವಾದದ್ದು, ಅದರಿಂದ ಇಷ್ಟೊಂದು ಮೊಡವೆ ಬರಲಾರದು’ ಎಂಬ ಲೆಕ್ಕಾಚಾರವನ್ನು ಮೊದಲು ಬದಿಗಿಡಬೇಕು.

ನಿಲ್ಲಿಸಿದ ಮೇಲೂ ಮೊಡವೆ ಏಕೆ ಹೋಗುವುದಿಲ್ಲ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ, ಮತ್ತು ಯಾವ ಔಷಧ ಯಾರಿಗೆ ಹೊಂದುತ್ತದೆ ಎಂಬುದು ಈ ಉತ್ತರವನ್ನೇ ಅವಲಂಬಿಸಿದೆ. ಎಣ್ಣೆಯಲ್ಲಿ ಕರಗಿಸಿದ ಚುಚ್ಚುಮದ್ದಿನ ರೂಪದ ಸ್ಟೀರಾಯ್ಡ್, ಉದಾಹರಣೆಗೆ ನ್ಯಾಂಡ್ರೊಲೋನ್ ಡೆಕನೊಯೇಟ್, ಸ್ನಾಯುವಿನಿಂದ ನಿಧಾನವಾಗಿ ಬಿಡುಗಡೆಯಾಗುತ್ತದೆ. ಕೊನೆಯ ಸೂಜಿ ಚುಚ್ಚಿದ ದಿನವೇ ಚರ್ಮದ ಪಾಲಿಗೆ ಕೊನೆಯ ದಿನವಲ್ಲ. ಮಾತ್ರೆ ಬೇಗ ದೇಹ ಬಿಟ್ಟುಹೋದರೂ ಆ ವೇಳೆಗಾಗಲೇ ಕಣ್ಣಿಗೆ ಕಾಣದಂತೆ ಚರ್ಮದಡಿ ರೂಪುಗೊಂಡ ಸೂಕ್ಷ್ಮ ಗಂಟುಗಳು ಮೇಲೆದ್ದು ಬರಲು ವಾರಗಟ್ಟಲೆ ಹಿಡಿಯುತ್ತದೆ. ಕೆಲವರಿಗೆ ಅಂಡಾಶಯದ ಹಾರ್ಮೋನ್ ಏರುಪೇರಾಗುವ ಪಿಸಿಒಎಸ್ ಎಂಬ ತೊಂದರೆ ಮೊದಲೇ ಇದ್ದು, ಅದು ಗೊತ್ತಾಗುವುದೇ ಈ ಹಂತದಲ್ಲಿ. ಇನ್ನು ಕೆಲವರು ಸ್ಟೀರಾಯ್ಡ್ ಬಿಟ್ಟರೂ ‘ಹಾರ್ಮೋನ್ ಸಮತೋಲನ’ದ ಹೆಸರಿನ ಪುಡಿಗಳನ್ನು, ದೇಹದಲ್ಲಿ ಆಂಡ್ರೋಜನ್ ಆಗಿ ಬದಲಾಗುವ ಡಿಎಚ್‌ಇಎ ಇರುವ ಮಾತ್ರೆಗಳನ್ನು ಅಥವಾ ಆಂಡ್ರೋಜನ್ ಗ್ರಾಹಕವನ್ನು ಪ್ರಚೋದಿಸುವ, ಸಾರ್ಮ್ ಎಂದು ಕರೆಯುವ ವಸ್ತುಗಳನ್ನು ಮುಂದುವರಿಸುತ್ತಾರೆ, ಇವೂ ಅದೇ ದಾರಿಯಲ್ಲಿ ಕೆಲಸ ಮಾಡುತ್ತವೆ. ಲೆವೊನಾರ್ಜೆಸ್ಟ್ರೆಲ್ ಹಾರ್ಮೋನ್ ಇರುವ ಗರ್ಭನಿರೋಧಕ ಸಾಧನವನ್ನು ಹಾಕಿಸಿಕೊಂಡವರಲ್ಲಿಯೂ ಕೆಲವರಿಗೆ ಮೊಡವೆ ಹೆಚ್ಚುತ್ತದೆ. ವೇ ಪ್ರೋಟೀನ್ ಪುಡಿಯ ಬಗ್ಗೆಯೂ ಇಂಥ ವರದಿಗಳಿವೆ. ಸ್ವಲ್ಪ ಕಾಲ ಅದನ್ನು ಬಿಟ್ಟು ಪ್ರೋಟೀನಿಗೆ ಬೇರೆ ಮೂಲ ನೋಡಿಕೊಳ್ಳುವುದರಿಂದ ನಷ್ಟವೇನಿಲ್ಲ. ಈ ಎಲ್ಲದರ ನಡುವೆ ಸ್ಟೀರಾಯ್ಡನ್ನೇ ಮುಂದುವರಿಸುತ್ತ ಮೊಡವೆಗೆ ಔಷಧ ತೆಗೆದುಕೊಳ್ಳುವುದೆಂದರೆ, ಒಲೆಯ ಉರಿ ತಗ್ಗಿಸದೆ ಉಕ್ಕುವ ಹಾಲಿಗೆ ನೀರು ಚಿಮುಕಿಸುತ್ತ ಕೂತಂತೆ.

ಬೆನ್ನಿನ ಮೇಲೆ ಎದ್ದದ್ದೆಲ್ಲ ಮೊಡವೆಯೂ ಅಲ್ಲ. ನನ್ನ ಗೆಳತಿಯೊಬ್ಬಳ ಬೆನ್ನನ್ನು ನಾನೇ ಹತ್ತಿರದಿಂದ ನೋಡಿದ್ದೆ: ಸಾಸಿವೆ ಗಾತ್ರದ, ಒಂದೇ ಅಳತೆಯ ಕೆಂಪು ಗುಳ್ಳೆಗಳು ಹೆಗಲಿನಿಂದ ಬೆನ್ನಿನ ನಡುವಿನ ತನಕ ಹರಡಿದ್ದವು, ಒಂದೂ ಕಪ್ಪು ತಲೆಯದಾಗಿರಲಿಲ್ಲ, ಬೆವರಿದಾಗಲೆಲ್ಲ ತಡೆಯಲಾಗದಷ್ಟು ತುರಿಕೆ. ಅದು ಮಲಸೇಜಿಯಾ ಎಂಬ ಯೀಸ್ಟ್‌ನಿಂದಾದ ರೋಮಕೂಪದ ಉರಿಯೂತವಾಗಿತ್ತು. ಪ್ರತಿಜೀವಕ ಮಾತ್ರೆ ಇದನ್ನು ವಾಸಿ ಮಾಡುವುದಿಲ್ಲ, ಇನ್ನಷ್ಟು ಹೆಚ್ಚಿಸುತ್ತದೆ. ಕೀಟೊಕೊನಜೋಲ್‌ನಂಥ ಶಿಲೀಂಧ್ರನಾಶಕ ಬೇಕು. ಆಂಡ್ರೋಜನ್ ಮೊಡವೆಯಲ್ಲಿ ಹಾಗಲ್ಲ. ಅಲ್ಲಿ ಕಪ್ಪು ತಲೆ, ಬಿಳಿ ತಲೆ, ಕೀವು ತುಂಬಿದ್ದು, ಚರ್ಮದ ಆಳದಲ್ಲಿ ಮುಟ್ಟಿದರೆ ನೋಯುವ ಗಂಟು ಎಲ್ಲವೂ ಬೆರೆತಿರುತ್ತವೆ, ತುರಿಕೆಗಿಂತ ನೋವು ಮುಂದಿರುತ್ತದೆ, ಮಲಗಿ ಭಾರ ಒತ್ತುವಾಗ ಬೆಂಚಿಗೆ ಬೆನ್ನು ತಾಗಿದರೆ ಅದು ಎಲ್ಲೆಲ್ಲಿದೆ ಎಂದು ತಾನಾಗಿಯೇ ತಿಳಿಯುತ್ತದೆ. ಬಿಗಿಯಾದ ವ್ಯಾಯಾಮದ ಒಳಉಡುಪಿನ ಪಟ್ಟಿ ಉಜ್ಜುವ ಸಾಲಿನಲ್ಲಿ ಇವು ಇನ್ನೂ ದಟ್ಟವಾಗಿರುತ್ತವೆ.

ಈಗ ಲೇಪಗಳಿಂದ ಆರಂಭಿಸಿ ಒಂದೊಂದನ್ನೇ ನೋಡೋಣ. ಬೆಂಜಾಯ್ಲ್ ಪೆರಾಕ್ಸೈಡ್ ಹಳೆಯದು, ಸುಲಭವಾಗಿ ಸಿಗುವಂಥದ್ದು, ಸೂಕ್ಷ್ಮಾಣುಗಳು ಇದಕ್ಕೆ ಪ್ರತಿರೋಧ ಬೆಳೆಸಿಕೊಳ್ಳುವುದಿಲ್ಲ ಎಂಬುದು ಇದರ ದೊಡ್ಡ ಗುಣ. ಶೇಕಡಾ 10ರ ತೀವ್ರತೆಯದನ್ನು ಕೊಂಡರೆ ಬೇಗ ಗುಣವಾದೀತೆಂಬ ಆಸೆ ಬೇಡ, ಶೇಕಡಾ 2.5 ಅಥವಾ 5ರದ್ದು ಹೆಚ್ಚುಕಡಿಮೆ ಅಷ್ಟೇ ಫಲ ಕೊಟ್ಟು ಉರಿಯನ್ನು ಕಡಿಮೆ ಮಾಡುತ್ತದೆ. ಬೆನ್ನಿಗೆ ಲೇಪಕ್ಕಿಂತ ತೊಳೆಯುವ ರೂಪದ್ದು ಅನುಕೂಲ: ಹಚ್ಚಿ ಕೆಲವು ನಿಮಿಷ ಬಿಟ್ಟು ತೊಳೆದುಕೊಳ್ಳಬೇಕು. ಬಟ್ಟೆಯ ಬಣ್ಣವನ್ನು ಇದು ಕಿತ್ತುಹಾಕುತ್ತದೆ. ನನ್ನ ಕಡುನೀಲಿ ದಿಂಬಿನ ಚೀಲದ ಮೇಲೆ ಕೆನ್ನೆಯ ಆಕಾರದಲ್ಲೇ ಕಿತ್ತಳೆ ಬಣ್ಣದ ಕಲೆ ನಿಂತಿತು. ಬಿಳಿಯ ಹಾಸಿಗೆ ಬಟ್ಟೆ ಮತ್ತು ಬಿಳಿಯ ಟವೆಲ್ ಇಟ್ಟುಕೊಳ್ಳುವುದೇ ಇದಕ್ಕೆ ಪರಿಹಾರ.

ಅಡಾಪಲೀನ್ ರೋಮಕೂಪದ ಬಾಯಿ ಕಟ್ಟಿಕೊಳ್ಳುವುದನ್ನು ತಡೆಯುತ್ತದೆ. ಈಗಾಗಲೇ ಎದ್ದ ಗುಳ್ಳೆಯ ಮೇಲೆ ಚುಕ್ಕಿ ಇಡುವ ಔಷಧ ಇದಲ್ಲ. ಮೊಡವೆ ಏಳುವ ಇಡೀ ಜಾಗಕ್ಕೆ ರಾತ್ರಿ ತೆಳ್ಳಗೆ ಹಚ್ಚಬೇಕು. ಮೊದಲ ವಾರಗಳಲ್ಲಿ ಚರ್ಮ ಒಣಗಿ ಹೊಟ್ಟು ಏಳುತ್ತದೆ, ಮೊಡವೆ ಹೆಚ್ಚಿದಂತೆಯೂ ಕಾಣಬಹುದು. ಎರಡು ಮೂರು ತಿಂಗಳು ಹಚ್ಚದೆ ಇದರ ಬಗ್ಗೆ ತೀರ್ಪು ಕೊಡುವುದು ನ್ಯಾಯವಲ್ಲ. ಅಡಾಪಲೀನ್ ಮತ್ತು ಬೆಂಜಾಯ್ಲ್ ಪೆರಾಕ್ಸೈಡ್ ಒಟ್ಟಿಗಿರುವ ಜೆಲ್ ಕೂಡ ಸಿಗುತ್ತದೆ, ಎರಡನ್ನೂ ಬೇರೆಬೇರೆ ಹಚ್ಚುವ ತಾಪತ್ರಯ ತಪ್ಪುತ್ತದೆ. ಬೆನ್ನು ಮತ್ತು ಎದೆಯ ಮೊಡವೆಯನ್ನೂ ಗಮನದಲ್ಲಿಟ್ಟುಕೊಂಡು ಪರೀಕ್ಷಿಸಿದ ಟ್ರೈಫಾರೊಟೀನ್ 2019ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆಯಿತು; ಸಿಗುವ ಕಡೆ ದೇಹದ ಮೊಡವೆಗೆ ಅದನ್ನು ವೈದ್ಯರಲ್ಲಿ ಕೇಳಬಹುದು. ಗರ್ಭಿಣಿಯಾಗುವ ಯೋಚನೆ ಇರುವವರು ಈ ರೆಟಿನಾಯ್ಡ್ ಲೇಪಗಳನ್ನು ಬಿಟ್ಟು ಅಜೆಲಾಯಿಕ್ ಆಮ್ಲಕ್ಕೆ ಹೋಗಬೇಕು. ಅದು ನಿಧಾನ, ಹಚ್ಚಿದ ಕೂಡಲೇ ಸ್ವಲ್ಪ ಚುರುಗುಟ್ಟುತ್ತದೆ, ಆದರೆ ಮೊಡವೆ ಹೋದ ಮೇಲೆ ಉಳಿಯುವ ಕಂದು ಕಲೆಯನ್ನೂ ತಿಳಿಯಾಗಿಸುತ್ತದೆ.

ಲೇಪಗಳ ಸಾಲಿನಲ್ಲಿ ನೇರವಾಗಿ ಆಂಡ್ರೋಜನ್ ಗ್ರಾಹಕವನ್ನೇ ತಡೆಯುವುದು ಕ್ಲಾಸ್ಕೊಟೆರೋನ್ ಒಂದೇ. ಶೇಕಡಾ 1ರ ಈ ಕ್ರೀಮಿಗೆ ಎಫ್‌ಡಿಎ 2020ರಲ್ಲಿ ಅನುಮತಿ ನೀಡಿತು. ದಿನಕ್ಕೆ ಎರಡು ಬಾರಿ ಹಚ್ಚಬೇಕು, ಚರ್ಮದಲ್ಲಿ ಕೆಲಸ ಮಾಡಿ ದೇಹದೊಳಗೆ ಬೇಗ ಕರಗಿಹೋಗುವಂತೆ ಅದನ್ನು ರೂಪಿಸಲಾಗಿದೆ. ತತ್ವದಲ್ಲಿ ನಮ್ಮ ಸಮಸ್ಯೆಗೆ ಹೇಳಿ ಮಾಡಿಸಿದಂತಿದೆ. ಆದರೆ ಎಲ್ಲ ದೇಶಗಳಲ್ಲೂ ಸಿಗುವುದಿಲ್ಲ, ಬೆಲೆ ಹೆಚ್ಚು, ಇಡೀ ಬೆನ್ನಿಗೆ ಹಚ್ಚುವುದಾದರೆ ಒಂದು ಟ್ಯೂಬ್ ಎಷ್ಟು ದಿನ ಬಂದೀತು ಎಂಬುದನ್ನು ಯಾರಾದರೂ ಊಹಿಸಬಹುದು. ಮಾತ್ರೆ ನುಂಗಲು ಆಗದವರಿಗೆ, ಮುಖದ ಮಟ್ಟಿಗೆ, ಒಳ್ಳೆಯ ದಾರಿ.

ಸ್ಪೈರೊನೊಲ್ಯಾಕ್ಟೋನ್ ಮೂಲತಃ ರಕ್ತದೊತ್ತಡ ಮತ್ತು ದೇಹದಲ್ಲಿ ನೀರು ತುಂಬಿಕೊಳ್ಳುವ ತೊಂದರೆಗೆಂದು ಬಂದ ಮೂತ್ರವರ್ಧಕ. ಆಂಡ್ರೋಜನ್ ಗ್ರಾಹಕದ ಮೇಲೆ ಹೋಗಿ ಕುಳಿತು ಹಾರ್ಮೋನಿಗೆ ಜಾಗ ಸಿಗದಂತೆ ಮಾಡುವ ಇದರ ಇನ್ನೊಂದು ಗುಣವನ್ನು ಚರ್ಮವೈದ್ಯರು ದಶಕಗಳಿಂದ ಬಳಸಿಕೊಂಡು ಬಂದಿದ್ದಾರೆ. ಮೊಡವೆಗೆಂದು ಅಧಿಕೃತ ಅನುಮತಿ ಇಲ್ಲದೆಯೇ ಬರೆದುಕೊಡುವ ಔಷಧ ಇದು. ಹಾಗೆಂದು ಪುರಾವೆ ಇಲ್ಲದ್ದೆಂದು ತಿಳಿಯಬಾರದು. ಬ್ರಿಟನ್‌ನಲ್ಲಿ 410 ಮಹಿಳೆಯರ ಮೇಲೆ ನಡೆದ ‘ಸಾಫಾ’ ಪ್ರಯೋಗದ ಫಲಿತಾಂಶ 2023ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. 50 ಮಿಲಿಗ್ರಾಂನಿಂದ ಆರಂಭಿಸಿ 100 ಮಿಲಿಗ್ರಾಂಗೆ ಏರಿಸಿದ ಆ ಪ್ರಯೋಗದಲ್ಲಿ 12 ವಾರಗಳಿಗೆ ಸಾಧಾರಣ ಅಂತರವೂ, 24 ವಾರಗಳಿಗೆ ಸ್ಪಷ್ಟ ಅಂತರವೂ ಕಂಡುಬಂತು. 24ನೇ ವಾರದಲ್ಲಿ ತಮ್ಮ ಮೊಡವೆ ಸುಧಾರಿಸಿದೆ ಎಂದವರು ಔಷಧ ಪಡೆದವರಲ್ಲಿ ಶೇಕಡಾ 82, ಹುಸಿಮಾತ್ರೆ ಪಡೆದವರಲ್ಲಿ ಶೇಕಡಾ 63. ಅದು ಸಾಮಾನ್ಯ ಮೊಡವೆಯ ಮಹಿಳೆಯರ ಮೇಲೆ ನಡೆದದ್ದೇ ಹೊರತು ಸ್ಟೀರಾಯ್ಡ್ ಬಳಸಿದವರ ಮೇಲಲ್ಲ ಎಂಬುದನ್ನು ಓದುಗರು ನೆನಪಿಡಬೇಕು. ಆದರೂ ಔಷಧ ಕೆಲಸ ಮಾಡುವ ಜಾಗ ಒಂದೇ ಆದ್ದರಿಂದ ವೈದ್ಯರು ನಮ್ಮಂಥವರಿಗೂ ಇದನ್ನು ಆರಿಸುತ್ತಾರೆ.

ನನ್ನ ಅನುಭವವೂ ಆ ಅಂಕಿಗಳ ದಾರಿಯಲ್ಲೇ ಸಾಗಿತು. ಮೊದಲ ತಿಂಗಳಲ್ಲಿ ಚರ್ಮದ ಮೇಲೆ ಏನೂ ಬದಲಾಗಲಿಲ್ಲ. ಮೊದಲು ಬದಲಾದದ್ದು ಜಿಡ್ಡು: ಮಧ್ಯಾಹ್ನದ ಹೊತ್ತಿಗೆ ಹಣೆಯ ಮೇಲೆ ಹೊಳೆಯುತ್ತಿದ್ದ ಪಸೆ ಕಡಿಮೆಯಾಯಿತು, ಕೂದಲನ್ನು ದಿನವೂ ತೊಳೆಯಬೇಕಾದ ಅವಸರ ತಪ್ಪಿತು. ಆಮೇಲೆ ದವಡೆಯ ಅಂಚಿನಲ್ಲಿ ಹೊಸ ಗಂಟುಗಳು ಬರುವುದು ವಿರಳವಾಯಿತು. ಬೆನ್ನು ಎಲ್ಲಕ್ಕಿಂತ ಕೊನೆಯಲ್ಲಿ ತಿಳಿಯಾಯಿತು. ಮೂರು ತಿಂಗಳ ಮೊದಲು ಈ ಮಾತ್ರೆಯನ್ನು ನಿಷ್ಪ್ರಯೋಜಕ ಎಂದು ಬಿಟ್ಟುಬಿಡುವವರು ಅದರ ಒಳ್ಳೆಯ ಭಾಗವನ್ನು ನೋಡುವ ಮುನ್ನವೇ ಎದ್ದುಹೋಗುತ್ತಾರೆ ಎಂಬುದು ನನ್ನ ದೃಢ ಅಭಿಪ್ರಾಯ. ಊಟದ ಜೊತೆ ತೆಗೆದುಕೊಂಡರೆ ದೇಹ ಇದನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಬೆಳಗಿನ ಹೊತ್ತು ತೆಗೆದುಕೊಂಡರೆ ರಾತ್ರಿ ಮೂತ್ರಕ್ಕೆ ಏಳುವ ತೊಂದರೆ ಕಡಿಮೆ.

ಇದರ ಕೊರತೆಗಳನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕು. ಮುಟ್ಟು ಏರುಪೇರಾಗುತ್ತದೆ, ನಡುವೆ ರಕ್ತ ಕಾಣಿಸಬಹುದು, ಸ್ತನಗಳಲ್ಲಿ ನೋವಿರಬಹುದು. ಸ್ಟೀರಾಯ್ಡ್‌ನಿಂದಾಗಿ ಮುಟ್ಟು ಈಗಾಗಲೇ ನಿಂತಿದ್ದರೆ ಅಥವಾ ಅಸ್ತವ್ಯಸ್ತವಾಗಿದ್ದರೆ ಯಾವುದರಿಂದ ಯಾವುದು ಆಯಿತೆಂದು ಬಿಡಿಸುವುದು ಕಷ್ಟ. ಆದ್ದರಿಂದ ಆರಂಭಿಸುವ ಮೊದಲೇ ಮುಟ್ಟಿನ ದಿನಾಂಕಗಳನ್ನು ಬರೆದಿಟ್ಟುಕೊಂಡು ವೈದ್ಯರಿಗೆ ತೋರಿಸುವುದು ಒಳ್ಳೆಯದು. ರಕ್ತದೊತ್ತಡ ತಗ್ಗಿ ತಲೆ ತಿರುಗಬಹುದು, ಅದರಲ್ಲೂ ಬೆವರು ಹರಿಸುವ ವ್ಯಾಯಾಮದ ನಂತರ ನೆಲದಿಂದ ಭಾರ ಎತ್ತಿ ನೆಟ್ಟಗೆ ನಿಂತಾಗ. ಈ ಔಷಧ ಪೊಟ್ಯಾಸಿಯಂ ಅನ್ನು ದೇಹದಲ್ಲೇ ಉಳಿಸುತ್ತದೆ. ಆರೋಗ್ಯವಂತ ಯುವತಿಯರಲ್ಲಿ ಇದು ಅಪಾಯದ ಮಟ್ಟ ಮುಟ್ಟುವುದು ಅಪರೂಪವೆಂದು ಪದೇಪದೇ ರಕ್ತಪರೀಕ್ಷೆ ಬೇಡವೆನ್ನುವ ವೈದ್ಯರಿದ್ದಾರೆ. ಆದರೆ ವ್ಯಾಯಾಮ ಮಾಡುವವರು ಪೊಟ್ಯಾಸಿಯಂ ಬೆರೆಸಿದ ಲವಣದ ಪುಡಿಗಳನ್ನು ನೀರಿಗೆ ಹಾಕಿ ಕುಡಿಯುವುದು ಸಾಮಾನ್ಯ, ಅದನ್ನು ವೈದ್ಯರಿಗೆ ತಿಳಿಸಲೇಬೇಕು. ಮೂತ್ರಪಿಂಡದ ತೊಂದರೆ ಇರುವವರಿಗೆ, ರಕ್ತದೊತ್ತಡಕ್ಕೆ ಕೆಲವು ಬಗೆಯ ಮಾತ್ರೆ ತೆಗೆದುಕೊಳ್ಳುತ್ತಿರುವವರಿಗೆ, ಟ್ರೈಮೆಥೊಪ್ರಿಮ್ ಇರುವ ಪ್ರತಿಜೀವಕ ಸೇವಿಸುವವರಿಗೆ ಈ ಅಪಾಯ ನಿಜವಾದದ್ದು. ಗರ್ಭಿಣಿಯರು ಇದನ್ನು ತೆಗೆದುಕೊಳ್ಳುವಂತಿಲ್ಲ. ಗಂಡು ಭ್ರೂಣದ ಜನನಾಂಗದ ಬೆಳವಣಿಗೆಗೆ ಅಡ್ಡಿಯಾಗಬಹುದು. ಸ್ಟೀರಾಯ್ಡ್ ಬಳಸಿ ಮುಟ್ಟು ನಿಂತಿದೆ ಎಂದಮಾತ್ರಕ್ಕೆ ಗರ್ಭ ನಿಲ್ಲುವುದಿಲ್ಲ ಎಂದು ನಂಬುವವರನ್ನು ಕಂಡಿದ್ದೇನೆ, ಆ ನಂಬಿಕೆ ಬಹಳ ಅಪಾಯಕಾರಿ.

ಸ್ಪರ್ಧೆಗಳಲ್ಲಿ ಭಾಗವಹಿಸುವವರಿಗೆ ಇನ್ನೊಂದು ಮುಖ್ಯ ಸಂಗತಿ ಇದೆ. ಸ್ಪೈರೊನೊಲ್ಯಾಕ್ಟೋನ್ ಮೂತ್ರವರ್ಧಕವಾದ್ದರಿಂದ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯಾದ ವಾಡಾದ ನಿಷೇಧಿತ ಪಟ್ಟಿಯಲ್ಲಿದೆ, ಸ್ಪರ್ಧೆಯ ದಿನಗಳಲ್ಲಿ ಮಾತ್ರವಲ್ಲ, ಎಲ್ಲ ಕಾಲಕ್ಕೂ. ಪರೀಕ್ಷೆಗೆ ಒಳಪಡುವ ಕ್ರೀಡಾಪಟು ಚಿಕಿತ್ಸೆಗೆಂದೇ ನೀಡುವ ವಿನಾಯಿತಿಯನ್ನು ಮೊದಲೇ ಪಡೆಯದೆ ಇದನ್ನು ನುಂಗಿದರೆ ಮೊಡವೆಯ ಮಾತ್ರೆಯಿಂದಲೇ ನಿಷೇಧಕ್ಕೆ ಒಳಗಾಗಬಹುದು. ಐಸೊಟ್ರೆಟಿನಾಯಿನ್ ಆ ಪಟ್ಟಿಯಲ್ಲಿಲ್ಲ.

ಸಂಯುಕ್ತ ಗರ್ಭನಿರೋಧಕ ಮಾತ್ರೆಗಳು ಬೇರೆ ದಾರಿಯಿಂದ ಅದೇ ಜಾಗಕ್ಕೆ ಬರುತ್ತವೆ. ಅವುಗಳಲ್ಲಿನ ಈಸ್ಟ್ರೊಜನ್ ಯಕೃತ್ತಿನಿಂದ ಎಸ್‌ಎಚ್‌ಬಿಜಿ ಉತ್ಪತ್ತಿಯನ್ನು ಹೆಚ್ಚಿಸಿ ಬಿಡಿ ಟೆಸ್ಟೊಸ್ಟೆರೋನನ್ನು ಇಳಿಸುತ್ತದೆ, ಸ್ಟೀರಾಯ್ಡ್ ಮಾಡಿದ್ದಕ್ಕೆ ನೇರ ವಿರುದ್ಧ. ಸ್ಪೈರೊನೊಲ್ಯಾಕ್ಟೋನ್ ಜೊತೆ ಕೊಟ್ಟರೆ ಮುಟ್ಟೂ ಕ್ರಮಕ್ಕೆ ಬರುತ್ತದೆ, ಗರ್ಭವೂ ನಿಲ್ಲುವುದಿಲ್ಲ. ಈ ಜೋಡಿ ನನ್ನ ಗೆಳತಿಯರಲ್ಲಿ ಇಬ್ಬರಿಗೆ ಬಹಳ ಚೆನ್ನಾಗಿ ಒಗ್ಗಿತು. ಡ್ರೊಸ್ಪೈರಿನೋನ್ ಎಂಬ ಹಾರ್ಮೋನ್ ಇರುವ ಮಾತ್ರೆಯೂ ಪೊಟ್ಯಾಸಿಯಂ ಉಳಿಸುವಂಥದ್ದೇ ಎಂಬುದನ್ನು ಮಾತ್ರ ಮರೆಯಬಾರದು. ರಕ್ತ ಹೆಪ್ಪುಗಟ್ಟಿದ ಇತಿಹಾಸ ಇರುವವರು, ಕಣ್ಣ ಮುಂದೆ ಮಿಂಚಿನಂಥ ಗೆರೆಗಳು ಕಾಣಿಸಿಕೊಂಡು ಬರುವ ಮೈಗ್ರೇನ್ ಇರುವವರು, 35 ದಾಟಿ ಧೂಮಪಾನ ಮಾಡುವವರು ಈ ಮಾತ್ರೆಗಳನ್ನು ತೆಗೆದುಕೊಳ್ಳಬಾರದು. ಸ್ಟೀರಾಯ್ಡ್‌ನಿಂದ ಒಳ್ಳೆಯ ಕೊಲೆಸ್ಟೆರಾಲ್ ಕುಸಿದು ರಕ್ತದೊತ್ತಡ ಏರಿರುವ ಸಾಧ್ಯತೆ ಇರುವುದರಿಂದ ಅದನ್ನು ಅಳೆಯದೆ ಆರಂಭಿಸುವುದೂ ಸರಿಯಲ್ಲ.

ಡಾಕ್ಸಿಸೈಕ್ಲಿನ್‌ನಂಥ ಪ್ರತಿಜೀವಕಗಳ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಉರಿಯೂತವನ್ನು ಬೇಗ ತಗ್ಗಿಸುತ್ತವೆ, ಸ್ಪೈರೊನೊಲ್ಯಾಕ್ಟೋನ್ ಕೆಲಸ ಆರಂಭಿಸುವ ತನಕದ ಕಾಲವನ್ನು ದಾಟಿಸಲು ಉಪಯುಕ್ತ. ಮೂರು ನಾಲ್ಕು ತಿಂಗಳಿಗಿಂತ ಹೆಚ್ಚು ಎಳೆಯಬಾರದು, ಒಂಟಿಯಾಗಿ ಬಳಸದೆ ಬೆಂಜಾಯ್ಲ್ ಪೆರಾಕ್ಸೈಡ್ ಜೊತೆಗೇ ಬಳಸಬೇಕು. ಗ್ರಂಥಿಯ ಮೇಲೆ ಆಂಡ್ರೋಜನ್‌ನ ಒತ್ತಡ ಹಾಗೇ ಇದ್ದರೆ ಮಾತ್ರೆ ನಿಂತ ಕೆಲವೇ ವಾರಗಳಲ್ಲಿ ಮೊಡವೆ ಮರಳುತ್ತದೆ.

ಐಸೊಟ್ರೆಟಿನಾಯಿನ್ 1982ರಿಂದ ಬಳಕೆಯಲ್ಲಿದೆ. ಮೇದೋಗ್ರಂಥಿಯನ್ನೇ ಕುಗ್ಗಿಸುವ ಔಷಧ ಇದರಷ್ಟು ಬಲವಾದದ್ದು ಮತ್ತೊಂದಿಲ್ಲ. ಚರ್ಮದಡಿ ಗಂಟುಗಳು ಒಂದಕ್ಕೊಂದು ಸೇರಿಕೊಂಡು, ಒಡೆದು, ಎದೆ ಮತ್ತು ಹೆಗಲಿನ ಮೇಲೆ ಉಬ್ಬಿದ ಗಾಯದ ಗುರುತು ಬಿಡುತ್ತಿದ್ದರೆ ತಡಮಾಡದೆ ಇದರ ಬಗ್ಗೆ ಮಾತಾಡಬೇಕು. ಆ ಹಂತದಲ್ಲಿ ಲೇಪಗಳಿಗೆ ಕಾಯುತ್ತ ಕೂತರೆ ಕುಳಿಗಳು ಶಾಶ್ವತವಾಗುತ್ತವೆ. ದೇಹದ ತೂಕದ ಪ್ರತಿ ಕಿಲೋಗ್ರಾಂಗೆ ದಿನಕ್ಕೆ 0.5ರಿಂದ 1 ಮಿಲಿಗ್ರಾಂ, ಒಟ್ಟು ಚಿಕಿತ್ಸೆಯಲ್ಲಿ ಕಿಲೋಗ್ರಾಂಗೆ 120ರಿಂದ 150 ಮಿಲಿಗ್ರಾಂ ಎಂಬುದು ರೂಢಿಯ ಲೆಕ್ಕ, ಸಾಮಾನ್ಯ ಬಗೆಯದನ್ನು ಕೊಬ್ಬಿನಂಶ ಇರುವ ಊಟದ ಜೊತೆ ನುಂಗಬೇಕು. ಮೊದಲ ವಾರದಿಂದಲೇ ತುಟಿ ಬಿರಿಯುತ್ತದೆ. ತುಟಿಗೆ ಹಚ್ಚುವ ಮುಲಾಮು ಪ್ರತಿ ಚೀಲದಲ್ಲೂ, ಹಾಸಿಗೆಯ ಪಕ್ಕದಲ್ಲೂ ಒಂದೊಂದು ಇರಬೇಕಾಗುತ್ತದೆ, ಮೂಗಿನೊಳಗೆ ಒಣಗಿ ರಕ್ತ ಬರಬಹುದು, ಕಣ್ಣು ಒಣಗುತ್ತದೆ.

ಸ್ಟೀರಾಯ್ಡ್ ಹಿನ್ನೆಲೆಯವರಿಗೆ ಇದರಲ್ಲಿ ಹೆಚ್ಚುವರಿ ಎಚ್ಚರಗಳಿವೆ, ಮತ್ತು ಅವನ್ನು ಬಿಡಿಸಿ ಹೇಳುವ ವೈದ್ಯರೇ ಒಳ್ಳೆಯ ವೈದ್ಯರು. ಬಾಯಿಯ ಮೂಲಕ ಸೇವಿಸಿದ ಸ್ಟೀರಾಯ್ಡ್ ಯಕೃತ್ತಿನ ಮೇಲೂ ರಕ್ತದ ಕೊಬ್ಬಿನ ಮೇಲೂ ಭಾರ ಹಾಕಿರುತ್ತದೆ, ಐಸೊಟ್ರೆಟಿನಾಯಿನ್ ಅದೇ ಎರಡರ ಮೇಲೆ ಮತ್ತೆ ಭಾರ ಹಾಕುತ್ತದೆ. ಮೊದಲು ರಕ್ತಪರೀಕ್ಷೆ, ಆಮೇಲೆ ಮಾತ್ರೆ. ಕಠಿಣ ವ್ಯಾಯಾಮ ಮಾಡುವವರಲ್ಲಿ ಸ್ನಾಯು ನೋವು ಮತ್ತು ಸ್ನಾಯುವಿಗೆ ಪೆಟ್ಟಾದಾಗ ರಕ್ತದಲ್ಲಿ ಹೆಚ್ಚುವ ಕ್ರಿಯೇಟಿನ್ ಕೈನೇಸ್ ಕಿಣ್ವದ ಏರಿಕೆ ಕಂಡುಬರುತ್ತದೆ, ಆದ್ದರಿಂದ ಆ ತಿಂಗಳುಗಳಲ್ಲಿ ಭಾರವನ್ನು ಇಳಿಸಿಕೊಳ್ಳಬೇಕಾದೀತು. ಉರಿಯೂತ ಜೋರಾಗಿರುವಾಗ ದೊಡ್ಡ ಪ್ರಮಾಣದಲ್ಲಿ ಆರಂಭಿಸಿದರೆ ಮೊಡವೆ ಒಮ್ಮೆಲೇ ಕೆರಳಿ ಹುಣ್ಣಾಗಿ, ಜ್ವರ ಮತ್ತು ಕೀಲುನೋವಿನೊಡನೆ ಆಕ್ನೆ ಫಲ್ಮಿನನ್ಸ್ ಎಂಬ ತೀವ್ರ ಸ್ಥಿತಿಗೆ ಹೋಗುವುದುಂಟು; ಅದನ್ನು ತಪ್ಪಿಸಲು ಸಣ್ಣ ಪ್ರಮಾಣದಿಂದ ಆರಂಭಿಸುತ್ತಾರೆ, ಅಗತ್ಯವಿದ್ದರೆ ಉರಿಯೂತ ತಗ್ಗಿಸುವ ಪ್ರೆಡ್ನಿಸೊಲೋನ್ ಮೊದಲು ಕೊಡುತ್ತಾರೆ. ಸ್ಟೀರಾಯ್ಡ್ ಬಿಟ್ಟ ಮೇಲಿನ ತಿಂಗಳುಗಳಲ್ಲಿ ಮನಸ್ಸು ಕುಗ್ಗುವುದು ಇದ್ದದ್ದೇ, ಈ ಔಷಧದ ಅವಧಿಯಲ್ಲಿಯೂ ಮನಸ್ಸಿನ ಮೇಲೆ ಕಣ್ಣಿಡಬೇಕೆಂಬ ಸೂಚನೆ ಇದೆ. ಮನೆಯವರಲ್ಲಿ ಒಬ್ಬರಿಗಾದರೂ ಇದನ್ನು ಮೊದಲೇ ತಿಳಿಸಿಡಬೇಕು. ಭ್ರೂಣಕ್ಕೆ ಇದು ತೀವ್ರ ಹಾನಿ ಮಾಡುವುದರಿಂದ ಆರಂಭಕ್ಕೆ ಒಂದು ತಿಂಗಳ ಮೊದಲಿನಿಂದ ಮುಗಿದ ಒಂದು ತಿಂಗಳವರೆಗೆ ಗರ್ಭನಿರೋಧ ಕಡ್ಡಾಯ. ಡಾಕ್ಸಿಸೈಕ್ಲಿನ್ ಜೊತೆ ಇದನ್ನು ಕೊಡುವಂತಿಲ್ಲ, ತಲೆಬುರುಡೆಯೊಳಗಿನ ಒತ್ತಡ ಏರುತ್ತದೆ. ಇಷ್ಟೆಲ್ಲ ಮಾಡಿ ಚರ್ಮ ತಿಳಿಯಾದ ಮೇಲೆ ಮತ್ತೆ ಸ್ಟೀರಾಯ್ಡ್‌ಗೆ ಕೈಹಾಕಿದರೆ ಮೊಡವೆಯೂ ಮರಳಬಹುದು.

ಔಷಧದಷ್ಟೇ ಮುಖ್ಯವಾದದ್ದು ಅದನ್ನು ಬರೆದುಕೊಡುವವರ ಸೇವೆ. ನಾನು ಮೊದಲು ಹೋದದ್ದು ಒಂದು ಸೌಂದರ್ಯ ಚಿಕಿತ್ಸಾಲಯಕ್ಕೆ. ಅಲ್ಲಿ ಮುಖದ ಚಿತ್ರ ತೆಗೆದರು, ಜಿಡ್ಡು ಅಳೆದರು, ಆಮ್ಲದಿಂದ ಸಿಪ್ಪೆ ಸುಲಿಯುವ ಚಿಕಿತ್ಸೆಯನ್ನು ಹಲವು ಬಾರಿ ಮಾಡಿಸಿಕೊಳ್ಳುವ ಯೋಜನೆಯನ್ನು ಮುಂದಿಟ್ಟರು. ಬೆನ್ನನ್ನು ನೋಡಲಿಲ್ಲ, ಮುಟ್ಟಿನ ಬಗ್ಗೆ ಕೇಳಲಿಲ್ಲ, ಯಾವ ಔಷಧ ತೆಗೆದುಕೊಳ್ಳುತ್ತಿದ್ದೀರಿ ಎಂದೂ ವಿಚಾರಿಸಲಿಲ್ಲ. ಆನಂತರ ಕಂಡ ಚರ್ಮತಜ್ಞೆ ಬಾಗಿಲು ಮುಚ್ಚಿ ಕುಳಿತ ಕೂಡಲೇ ಕೇಳಿದ ಪ್ರಶ್ನೆ ಹೀಗಿತ್ತು: ‘ಸ್ನಾಯು ಬೆಳೆಸಲು ಏನಾದರೂ ತೆಗೆದುಕೊಂಡಿದ್ದೀರಾ? ಹೇಳಿ, ಬೈಯುವುದಿಲ್ಲ, ಔಷಧ ಆರಿಸಲು ನನಗೆ ಬೇಕು.’ ಹೆಸರು, ಪ್ರಮಾಣ, ಎಷ್ಟು ಕಾಲ, ಕೊನೆಯದಾಗಿ ತೆಗೆದುಕೊಂಡದ್ದು ಯಾವಾಗ, ಎಲ್ಲವನ್ನೂ ಬರೆದುಕೊಂಡರು. ಧ್ವನಿ ಬದಲಾಗಿದೆಯೇ, ಗಲ್ಲದ ಮೇಲೆ ಒರಟು ಕೂದಲು ಬಂದಿದೆಯೇ, ನೆತ್ತಿಯ ಕೂದಲು ತೆಳುವಾಗಿದೆಯೇ ಎಂದು ಒಂದೊಂದಾಗಿ ಕೇಳಿದರು. ಮೊಡವೆ ಗುಣವಾಗುವಂಥದ್ದು, ದಪ್ಪನಾದ ಧ್ವನಿ ಮರಳದೆಯೂ ಇರಬಹುದು ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ಹಣ ಕೊಟ್ಟು ಪಡೆಯಬೇಕಾದ ಸೇವೆ ಎಂದರೆ ಇದು.

ಅವರು ಬರೆದುಕೊಟ್ಟ ರಕ್ತಪರೀಕ್ಷೆಗಳಲ್ಲಿ ಒಟ್ಟು ಟೆಸ್ಟೊಸ್ಟೆರೋನ್, ಎಸ್‌ಎಚ್‌ಬಿಜಿ, ಡಿಎಚ್‌ಇಎ ಸಲ್ಫೇಟ್, ಎಲ್‌ಎಚ್, ಎಫ್‌ಎಸ್‌ಎಚ್, ಪ್ರೊಲ್ಯಾಕ್ಟಿನ್, ಯಕೃತ್ತಿನ ಕಿಣ್ವಗಳು ಮತ್ತು ಕೊಬ್ಬಿನ ಅಂಶಗಳಿದ್ದವು. ಇಲ್ಲಿ ಎರಡು ವಿಷಯ ತಿಳಿದಿರಬೇಕು. ಆಕ್ಸಾಂಡ್ರೊಲೋನ್‌ನಂಥ ಕೃತಕ ಸ್ಟೀರಾಯ್ಡ್ ಸಾಮಾನ್ಯ ಟೆಸ್ಟೊಸ್ಟೆರೋನ್ ಪರೀಕ್ಷೆಯ ಅಳತೆಗೆ ಸಿಗುವುದಿಲ್ಲ, ದೇಹದ ಸ್ವಂತ ಹಾರ್ಮೋನ್ ತಗ್ಗಿರುವುದರಿಂದ ವರದಿ ‘ಕಡಿಮೆ’ ಎಂದೇ ಬರಬಹುದು; ಬಾಯಿಬಿಟ್ಟು ಹೇಳದಿದ್ದರೆ ವೈದ್ಯರು ವರದಿ ನೋಡಿ ಹಾರ್ಮೋನಿನ ತೊಂದರೆಯೇ ಇಲ್ಲ ಎಂದುಕೊಳ್ಳುತ್ತಾರೆ. ಇನ್ನು ಕೂದಲು ಉಗುರುಗಳಿಗೆಂದು ನುಂಗುವ ಹೆಚ್ಚಿನ ಪ್ರಮಾಣದ ಬಯೋಟಿನ್ ಹಾರ್ಮೋನ್ ಪರೀಕ್ಷೆಗಳ ಫಲಿತಾಂಶವನ್ನೇ ತಪ್ಪಿಸಬಲ್ಲದು, ಅದನ್ನು ಕೆಲವು ದಿನ ಮೊದಲೇ ನಿಲ್ಲಿಸಬೇಕು. ನಿಲ್ಲಿಸಿ ಬಹಳ ಕಾಲವಾದರೂ ಟೆಸ್ಟೊಸ್ಟೆರೋನ್ ಬಹಳ ಎತ್ತರದಲ್ಲಿದ್ದರೆ, ಅಥವಾ ಪುರುಷ ಲಕ್ಷಣಗಳು ವೇಗವಾಗಿ ಹೆಚ್ಚುತ್ತಿದ್ದರೆ, ಅಂಡಾಶಯ ಮತ್ತು ಅಡ್ರಿನಲ್ ಗ್ರಂಥಿಗಳನ್ನು ಪರೀಕ್ಷಿಸುವ ಹಾರ್ಮೋನ್ ತಜ್ಞರ ಬಳಿ ಹೋಗುವುದು ಅಗತ್ಯ.

ಜಿಮ್‌ಗಳಲ್ಲಿ ಗುಟ್ಟಾಗಿ ಶಿಫಾರಸು ಮಾಡುವ ವಸ್ತುಗಳಿಗೆ ನಾನು ಒಂದು ಅಂಕವನ್ನೂ ಕೊಡಲಾರೆ. ‘ಕೋರ್ಸ್’ ಮುಗಿದ ಮೇಲೆ ಪುರುಷರು ತೆಗೆದುಕೊಳ್ಳುವ ಟಮಾಕ್ಸಿಫೆನ್, ಕ್ಲೋಮಿಫೀನ್‌ಗಳನ್ನು ಮಹಿಳೆಯರಿಗೂ ಹಂಚುವವರಿದ್ದಾರೆ. ಮೊಡವೆಗೆ ಅವು ಔಷಧವಲ್ಲ. ಯಾರದೋ ಉಳಿದ ಐಸೊಟ್ರೆಟಿನಾಯಿನ್ ಮಾತ್ರೆಗಳನ್ನು ಪರೀಕ್ಷೆಯಿಲ್ಲದೆ ನುಂಗುವುದು ಎಷ್ಟು ಅಪಾಯ ಎಂಬುದನ್ನು ಮೇಲೆಯೇ ಹೇಳಿದ್ದೇನೆ. ಬೆಟಾಮೆಥಾಸೋನ್, ಕ್ಲೋಬೆಟಾಸಾಲ್‌ನಂಥವು ಸೇರಿದ ಕ್ರೀಮುಗಳು ಹಚ್ಚಿದ ಎರಡೇ ದಿನದಲ್ಲಿ ಕೆಂಪನ್ನು ತಗ್ಗಿಸಿ ಮರುಳು ಮಾಡುತ್ತವೆ, ಮುಂದುವರಿಸಿದರೆ ಚರ್ಮ ತೆಳುವಾಗಿ ಬೇರೆಯದೇ ಬಗೆಯ ಮೊಡವೆ ಎಬ್ಬಿಸುತ್ತವೆ. ಇವು ಸ್ನಾಯು ಬೆಳೆಸುವ ಸ್ಟೀರಾಯ್ಡ್‌ಗಳಿಗಿಂತ ಪೂರ್ತಿ ಬೇರೆಯಾದ ಗುಂಪು, ಆದರೂ ಮುಖಕ್ಕೆ ಮಾಡುವ ಕೆಡುಕು ಸಣ್ಣದಲ್ಲ.

ಸ್ಪೈರೊನೊಲ್ಯಾಕ್ಟೋನ್ ಎಷ್ಟು ಕಾಲ ಬೇಕು ಎಂಬುದು ಎಲ್ಲರೂ ಕೇಳುವ ಪ್ರಶ್ನೆ. ಮೊಡವೆಗೆ ಮೂಲ ಹೊರಗಿನಿಂದ ಬಂದ ಸ್ಟೀರಾಯ್ಡ್ ಮಾತ್ರವೇ ಆಗಿದ್ದರೆ, ಅದು ದೇಹ ಬಿಟ್ಟು ಮುಟ್ಟು ಕ್ರಮಕ್ಕೆ ಮರಳಿದ ಮೇಲೆ ಪ್ರಮಾಣವನ್ನು ಮೆಲ್ಲಗೆ ಇಳಿಸಿ ನಿಲ್ಲಿಸಲು ಸಾಧ್ಯ. ನನಗೆ ಹಾಗೆಯೇ ಆಯಿತು. ಪಿಸಿಒಎಸ್ ಇರುವವರಲ್ಲಿ ನಿಲ್ಲಿಸಿದರೆ ಮರುಕಳಿಸುವ ಸಂಭವ ಹೆಚ್ಚು, ಅವರು ವರ್ಷಗಟ್ಟಲೆ ತೆಗೆದುಕೊಳ್ಳುವುದೂ ಇದೆ. ಮಾತ್ರೆ ನಿಂತ ಮೇಲೂ ಅಡಾಪಲೀನ್ ಮುಂದುವರಿಸಬೇಕು.

ಉಳಿಯುವುದು ಕಲೆಗಳ ಪ್ರಶ್ನೆ. ಕಂದು ಚರ್ಮದವರಲ್ಲಿ ಮೊಡವೆಗಿಂತ ಕಪ್ಪು ಕಲೆಯೇ ಹೆಚ್ಚು ಕಾಲ ನಿಲ್ಲುತ್ತದೆ. ಅಜೆಲಾಯಿಕ್ ಆಮ್ಲ, ಅಡಾಪಲೀನ್ ಮತ್ತು ದಿನವೂ ಬಿಸಿಲುರಕ್ಷಕ ಲೇಪ ಇವು ಸಾಕು, ತಿಂಗಳುಗಳು ಹಿಡಿದರೂ ಹೋಗುತ್ತದೆ. ಎದೆ ಹೆಗಲಿನ ಮೇಲೆ ಉಬ್ಬಿ ಬೆಳೆಯುವ ಗುರುತಿಗೆ ವೈದ್ಯರು ಟ್ರೈಯಾಮ್ಸಿನೊಲೋನ್ ಚುಚ್ಚುತ್ತಾರೆ. ಆಳದ ಕುಳಿಗಳಿಗೆ ಸೂಜಿ ಅಥವಾ ಲೇಸರ್ ಚಿಕಿತ್ಸೆ ಬೇಕು, ಅದನ್ನು ಹೊಸ ಮೊಡವೆ ಏಳುವುದು ಪೂರ್ತಿ ನಿಂತ ಮೇಲೆ ಆರಂಭಿಸಬೇಕು. ಐಸೊಟ್ರೆಟಿನಾಯಿನ್ ತೆಗೆದುಕೊಂಡವರು ಚರ್ಮದ ಮೇಲ್ಪದರವನ್ನು ಪೂರ್ತಿ ಸುಡುವ ಲೇಸರ್ ಮತ್ತು ಚರ್ಮ ಉಜ್ಜುವ ಶಸ್ತ್ರಚಿಕಿತ್ಸೆಯನ್ನು ಮಾತ್ರೆ ನಿಂತು ಆರು ತಿಂಗಳಾಗುವ ತನಕ ಮಾಡಿಸಿಕೊಳ್ಳಬಾರದೆಂದು ನನ್ನ ಚರ್ಮತಜ್ಞೆ ಹೇಳಿದ್ದಾರೆ.